ಟವಲಿನ ಮರೆಯ ಬೆರಳು

ನಮ್ಮ ಡ್ರಿಲ್ ಮೇಷ್ಟ್ರು ಕೂತದ್ದನ್ನು ನಾನು ಎರಡೇ ಸಲ ನೋಡಿದ್ದು. ಎರಡನೆಯದು ಇಪ್ಪತ್ತು ದಿನದ ಹಿಂದೆ, ದೊಡ್ಡೇರಿ ದಾರಿಯ ಅವರ ಹೊಲದಲ್ಲಿ ಗುಂಡಿ ತೋಡಿ, ನಮ್ಮವರ ಪದ್ಧತಿಯಂತೆ ಕಾಲು ಮಡಚಿ ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು ವಿಭೂತಿ ಸುರಿದಾಗ. ಆ ಮಂಡಿ ಮಡಚುವುದಕ್ಕೆ ನಾಲ್ಕು ಜನ ಬೇಕಾಯಿತು. ಬದುಕಿದ್ದಾಗಲೂ ಅದು ಯಾರ ಮಾತಿಗೂ ಮಡಚಿದ ಮಂಡಿಯಲ್ಲ. ಸ್ಟಾಫ್ ರೂಮಿನಲ್ಲಿ ಅವರಿಗೆಂದು ಒಂದು ಕುರ್ಚಿ ಇತ್ತು. ಅದರ ಮೇಲೆ ಅವರ ಸೀಟಿ, ಅವರ ಟವಲು, ಗಾಳಿ ಹೋದ ಒಂದು ಫುಟ್‌ಬಾಲು ಕೂತಿರುತ್ತಿದ್ದವು. ಅವರು ಕಿಟಕಿಗೆ ಒರಗಿ ನಿಂತಿರುತ್ತಿದ್ದರು. ಮೊದಲನೆಯ ಸಲ ಅವರು ಕೂತದ್ದು ಎಲ್ಲಿ, ಯಾಕೆ ಎಂದು ಹೇಳುವುದಕ್ಕೇ ನಾನು ಇದನ್ನು ಬರೆಯುತ್ತಿರುವುದು. ಆದರೆ ಅದನ್ನೇ ಮೊದಲು ಹೇಳುವಷ್ಟು ಧೈರ್ಯ ನನಗಿಲ್ಲ.

ಮಧುಗಿರಿಯ ಹೈಸ್ಕೂಲಿಗೆ ಇಂಗ್ಲಿಷ್ ಮೇಷ್ಟರಾಗಿ ನಾನು ಬಂದಾಗ ನನಗೆ ಇಪ್ಪತ್ತನಾಲ್ಕು, ಅವರಿಗೆ ಐವತ್ತರ ಹತ್ತಿರ. ಮೊದಲ ದಿನ ಎಲ್ಲರೂ ನನ್ನ ಊರು, ಮನೆತನ, ಮದುವೆ ವಿಚಾರಿಸಿದರು. ಇವರು ನನ್ನ ಮುಖವನ್ನೇ ನೋಡಲಿಲ್ಲ. ನಾನು ಬಾಗಿಲಿನಿಂದ ಮೇಜಿನವರೆಗೆ ನಡೆದದ್ದನ್ನು ನೋಡಿ, ಎಡಗಾಲು ಚಿಕ್ಕಂದಿನಲ್ಲಿ ಮುರಿದಿತ್ತೇ ಎಂದು ಕೇಳಿದರು. ಮುರಿದಿತ್ತು. ಹುಣಿಸೇಮರದಿಂದ ಬಿದ್ದಿದ್ದೆ. ನನ್ನ ಹೆಂಡತಿಗೂ ಹೇಳಿರದ ಸಂಗತಿ ಅದು. ನನಗೆ ಸಿಟ್ಟು ಬಂತು, ಸಂತೆಯಲ್ಲಿ ನಿಲ್ಲಿಸಿ ಹಲ್ಲು ಎಣಿಸಿದಂತೆ ಆಯಿತು.

ಹಲ್ಲು ಎಣಿಸುವುದೇ ಅವರ ಮನೆಯ ಕಸುಬು ಎಂದು ಆಮೇಲೆ ತಿಳಿಯಿತು. ಅವರ ತಂದೆ ದನದ ದಲ್ಲಾಳಿ. ದನದ ಸಂತೆಯಲ್ಲಿ ದಲ್ಲಾಳಿಗಳು ಬಾಯಿಬಿಟ್ಟು ಬೆಲೆ ಹೇಳುವುದಿಲ್ಲ. ಕೈಯ ಮೇಲೆ ಟವಲು ಮುಚ್ಚಿಕೊಂಡು, ಅದರ ಅಡಿಯಲ್ಲಿ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ಅಮುಕುತ್ತಾರೆ. ಹಿಡಿದ ಬೆರಳು ಎಷ್ಟೋ ಬೆಲೆ ಅಷ್ಟು. ಸುತ್ತ ನಿಂತ ನೂರು ಜನಕ್ಕೆ ಏನೂ ತಿಳಿಯುವುದಿಲ್ಲ. ಮೇಷ್ಟ್ರು ಹುಡುಗನಾಗಿದ್ದಾಗ ಅಪ್ಪನ ಹಿಂದೆ ಸಂತೆ ಸಂತೆ ಸುತ್ತಿ ಕಲಿತ ಪಾಠ ಒಂದೇ. ಅದನ್ನು ಅವರು ನನಗೆ ನೂರು ಸಲ ಹೇಳಿದ್ದಾರೆ.

"ಬೇಕಾದ ಎತ್ತಿನ ಮುಂದೆ ನಿಲ್ಬಾರ್ದು ಕಣ್ರೀ. ಪಕ್ಕದ ಎತ್ತಿನ ಹಲ್ಲು ನೋಡ್ತಾ ನಿಂತ್ಕೋಬೇಕು."

ಡ್ರಿಲ್ಲು ಅವರಿಗೆ ಸರ್ಕಾರ ಕೊಟ್ಟ ಕೆಲಸ. ಅವರಾಗಿ ಹಚ್ಚಿಕೊಂಡ ಕೆಲಸ ಬೇರೆಯೇ ಇತ್ತು. ಆಗ ಬೆಂಗಳೂರಿನ ಬಟ್ಟೆ ಗಿರಣಿಗಳಿಗೆ ಫುಟ್‌ಬಾಲಿನ ಹುಚ್ಚು. ಗಿರಣಿಗೊಂದು ತಂಡ, ತಂಡಕ್ಕೊಂದು ಬಣ್ಣ, ಚೆನ್ನಾಗಿ ಆಡುವ ಹುಡುಗನಿಗೆ ಗಿರಣಿಯಲ್ಲಿ ಕಾಯಂ ನೌಕರಿ. ಅರ್ಧ ದಿನ ಮಗ್ಗದ ಮುಂದೆ, ಇನ್ನರ್ಧ ದಿನ ಮೈದಾನದಲ್ಲಿ. ನಮ್ಮ ಕಡೆಯ ಹುಡುಗನಿಗೆ ಅದು ಅಮಲ್ದಾರಿಕೆ ಸಿಕ್ಕಷ್ಟು ದೊಡ್ಡ ಮಾತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕಿನಿಂದ ಒಂದು ಗಿರಣಿಗೆ ಹುಡುಗರನ್ನು ಆರಿಸಿಕೊಡುವವರು ನಮ್ಮ ಮೇಷ್ಟ್ರು. ಇನ್ನೊಂದು ಗಿರಣಿಗೂ ಒಬ್ಬನಿದ್ದ, ತುಮಕೂರಿನವನು. ಉದ್ದನೆಯ ಕೋಟು, ಕೈಯಲ್ಲಿ ಕೊಡೆ. ಮಳೆಯಿಲ್ಲದ ನಮ್ಮ ಸೀಮೆಗೆ ಕೊಡೆ ತರುವವನ ಬುದ್ಧಿ ಎಷ್ಟಿರಬೇಕು ಎಂದು ಊರವರು ನಗುತ್ತಿದ್ದರು. ಕೊಡೆಯವನು ಎಂದೇ ಅವನ ಹೆಸರಾಗಿತ್ತು.

ಈ ಎರಡು ಗಿರಣಿಗಳೂ ಹಿಂದೆ ಒಬ್ಬನೇ ಹುಡುಗನಿಗಾಗಿ ಎಳೆದಾಡಿ, ಜಗಳವಾಗಿ, ಕೊನೆಗೊಂದು ಕಟ್ಟಳೆ ಮಾಡಿಕೊಂಡಿದ್ದವು. ವರ್ಷಕ್ಕೊಮ್ಮೆ ನಮ್ಮ ಮೈದಾನದಲ್ಲಿ ನಾಲ್ಕು ತಾಲ್ಲೂಕಿನ ಹುಡುಗರನ್ನು ಎರಡು ತಂಡ ಮಾಡಿ ಪಂದ್ಯ ಆಡಿಸಬೇಕು. ಅದನ್ನು ನೋಡಿ ಮೇಷ್ಟ್ರೂ ಕೊಡೆಯವನೂ ತಂತಮ್ಮ ಗಿರಣಿಗೆ ಕಾಗದ ಬರೆಯಬೇಕು. ಒಂದು ವಾರ ಬಿಟ್ಟು ಬೆಂಗಳೂರಿನಲ್ಲಿ ಎರಡೂ ಗಿರಣಿಯ ಸಾಹೇಬರು ಎದುರುಬದುರು ಕೂತು, ಸರದಿಯಂತೆ ಒಬ್ಬೊಬ್ಬ ಹುಡುಗನ ಹೆಸರು ಹೇಳುತ್ತಾರೆ. ಹಿಂದಿನ ವರ್ಷ ಎರಡು ಗಿರಣಿಗಳ ನಡುವಿನ ಪಂದ್ಯದಲ್ಲಿ ಸೋತ ಗಿರಣಿಗೆ ಮೊದಲ ಸರದಿ. ಒಬ್ಬರು ಹೆಸರು ಹಿಡಿದ ಹುಡುಗನನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಅಂದಮೇಲೆ ಒಳ್ಳೆಯ ಹುಡುಗ ಯಾರೆಂದು ಕಂಡುಹಿಡಿಯುವುದು ಅರ್ಧ ವಿದ್ಯೆ. ಅದು ಎದುರಿನವನಿಗೆ ಕಾಣದಂತೆ ನೋಡಿಕೊಳ್ಳುವುದು ಇನ್ನರ್ಧ. ಮೊದಲ ಅರ್ಧದಲ್ಲಿ ಮೇಷ್ಟ್ರನ್ನು ಮೀರಿಸುವವರು ಮೈಸೂರು ಸೀಮೆಯಲ್ಲೇ ಇರಲಿಲ್ಲ ಎಂದು ನಾನು ಈಗಲೂ ಹೇಳುತ್ತೇನೆ. ಎರಡನೆಯ ಅರ್ಧವೇ ಅವರನ್ನು ಕೊಂದದ್ದು.

ಅವರು ಹುಡುಗರನ್ನು ನೋಡುತ್ತಿದ್ದ ರೀತಿಯೇ ಬೇರೆ. ಚೆಂಡು ಎಲ್ಲಿದೆಯೋ ಅಲ್ಲಿ ಅವರ ಕಣ್ಣು ಇರುತ್ತಿರಲಿಲ್ಲ. ಚೆಂಡು ಇದ್ದವನನ್ನು ಊರೆಲ್ಲ ನೋಡುತ್ತದೆ, ಇಲ್ಲದವನು ಏನು ಮಾಡುತ್ತಿದ್ದಾನೆ ಅದನ್ನು ನೋಡಬೇಕು ಎನ್ನುತ್ತಿದ್ದರು. ಪಂದ್ಯ ಮುಗಿದ ಮೇಲೆ ಗೆದ್ದವರ ಕಡೆ ತಿರುಗುತ್ತಲೇ ಇರಲಿಲ್ಲ. ಸೋತವರಲ್ಲಿ ಯಾರು ಮೊದಲು ನೀರಿಗೆ ಓಡಿದ, ಯಾರು ಜಗಳ ತೆಗೆದ, ಯಾರು ಸುಮ್ಮನೆ ಹೋಗಿ ಪೊದೆಯಲ್ಲಿದ್ದ ಚೆಂಡು ಎತ್ತಿಕೊಂಡು ಬಂದ, ಅದು ಅವರಿಗೆ ಬೇಕು. ಹೊಸ ಹುಡುಗರನ್ನು ನಮ್ಮೂರ ಬೆಟ್ಟಕ್ಕೆ ಹತ್ತಿಸಿ, ತಾವು ಕೆಳಗೆ ನಿಂತು, ಅವರು ಇಳಿಯುವುದನ್ನು ನೋಡುತ್ತಿದ್ದರು. ಬೆಟ್ಟವನ್ನು ಕತ್ತೆಯೂ ಹತ್ತುತ್ತದೆ, ಬೋಳುಬಂಡೆ ಇಳಿಯುವಾಗ ಮುಂದಿನ ಹೆಜ್ಜೆ ಎಲ್ಲಿ ಎಂದು ಕಣ್ಣಿಗಿಂತ ಮೊದಲು ಕಾಲಿಗೆ ತಿಳಿಯಬೇಕು ಎಂಬುದು ಅವರ ಸಿದ್ಧಾಂತ.

ಅಷ್ಟಕ್ಕೇ ಬಿಡುತ್ತಿರಲಿಲ್ಲ. ಹುಡುಗನ ಮನೆಗೆ ಹೋಗಿ ಅವನ ಅಪ್ಪನನ್ನು ನಡೆಸಿ ನೋಡುತ್ತಿದ್ದರು. ಮಂಡಿ ಹಿಡಿದುಕೊಳ್ಳುವ ರೋಗ ವಂಶದಲ್ಲಿ ಬರುತ್ತದೆಯಂತೆ. ಕೊರಟಗೆರೆಯ ಒಂದು ಮನೆಗೆ ಹೀಗೆ ಹೋಗಿ, ನಿಂತೇ ಇದ್ದು, ಯಜಮಾನರಿಗೆ ಅಂಗಳದಲ್ಲಿ ಎರಡು ಸುತ್ತು ನಡೆಯಿರಿ ಎಂದಾಗ, ಅವರು ಇವರನ್ನು ಹೆಣ್ಣು ಕೊಡಲು ಬಂದವರೆಂದು ತಿಳಿದು ಉಪ್ಪಿಟ್ಟು ಮಾಡಿಸಿದರು. ಇವರು ನಿಂತೇ ಉಪ್ಪಿಟ್ಟು ತಿಂದು, ಗಂಡಿನ ಕಾಲು ಚೆನ್ನಾಗಿದೆ, ತಂದೆಯದು ಸ್ವಲ್ಪ ಅನುಮಾನ ಎಂದು ಹೇಳಿ ಬಂದರು. ಆ ಮನೆಯವರು ಎಷ್ಟೋ ದಿನ ಉತ್ತರ ಕಾದರಂತೆ.

ಇಂಗ್ಲಿಷ್ ಅವರಿಗೆ ಬಾರದು. ಗಿರಣಿಯ ಸಾಹೇಬನಿಗೆ ಕನ್ನಡ ಬಾರದು. ಹೀಗಾಗಿ ನಾನು ಬಂದ ವರ್ಷದಿಂದ ಆ ಕಾಗದ ಬರೆಯುವ ಕೆಲಸ ನನಗೆ ಬಿತ್ತು. ಬರೆಯುವ ಮೊದಲು ಅವರು ಕುರ್ಚಿಯ ಮೇಲಿನ ಟವಲು ತೆಗೆದು ನಮ್ಮಿಬ್ಬರ ಕೈ ಮೇಲೆ ಹಾಕುತ್ತಿದ್ದರು. ಒಬ್ಬ ಹುಡುಗನ ಹೆಸರು ನಾನು ಹೇಳುವುದು, ಅವರು ಅಡಿಯಲ್ಲಿ ನನ್ನ ಬೆರಳು ಹಿಡಿಯುವುದು. ಒಂದು ಬೆರಳು ಹಿಡಿದರೆ ಮೊದಲನೆಯವನು, ಎರಡಾದರೆ ಎರಡನೆಯವನು, ಇಡೀ ಮುಷ್ಟಿ ಹಿಡಿದರೆ ಬೇಡ. ರೂಮಿನಲ್ಲಿ ನಾವಿಬ್ಬರೇ ಇದ್ದರೂ ಹೀಗೆಯೇ. ನನಗೆ ನಗು ಬರುತ್ತಿತ್ತು. ಗೋಡೆಗೂ ಕಿವಿ ಇದೆ ಎನ್ನುವವರನ್ನು ಕಂಡಿದ್ದೆ, ಗೋಡೆಗೆ ಕಣ್ಣೂ ಇದೆ ಎಂದವರು ಇವರೊಬ್ಬರೇ. ಬೆಂಗಳೂರಿನಿಂದ ಉತ್ತರ ಬರುವವರೆಗೆ ಯಾರಿಗೂ, ಮುಖ್ಯವಾಗಿ ಆ ಹುಡುಗನಿಗೆ, ಒಂದು ಮಾತೂ ತಿಳಿಯಬಾರದು. ಹುಡುಗನಿಗೆ ತಿಳಿದರೆ ಹೋಟೆಲಿಗೆ ತಿಳಿಯುತ್ತದೆ, ಹೋಟೆಲಿಗೆ ತಿಳಿದರೆ ಕೊಡೆಯವನಿಗೆ ತಿಳಿಯುತ್ತದೆ. ಇದಕ್ಕೆ ನನ್ನಿಂದ ಭಾಷೆ ತೆಗೆದುಕೊಂಡಿದ್ದರು.

ಜುಂಜಣ್ಣನ ವಿಷಯಕ್ಕೆ ಬರಬೇಕು.

ಅವನು ಗೌಡಗೆರೆ ಕಡೆಯ ಒಂದು ಗೊಲ್ಲರ ಹಟ್ಟಿಯವನು. ಅಪ್ಪ ಇಲ್ಲ, ತಾಯಿ, ಒಂದಿಷ್ಟು ಕುರಿ, ಮೇಲೊಬ್ಬ ಸೋದರಮಾವ. ಶಿರಾದಲ್ಲಿ ಮಿಡ್ಲ್ ಸ್ಕೂಲು ಮುಗಿಸಿ, ತಡವಾಗಿ ನಮ್ಮ ಹೈಸ್ಕೂಲಿಗೆ ಸೇರಿದ್ದ. ಹದಿನೆಂಟು ದಾಟಿತ್ತು. ಉಣ್ಣೆ ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ ಮೂಟೆಗಳ ನಡುವೆ ಮಲಗುತ್ತಿದ್ದ. ಕುರಿ ವಾಸನೆ ಎಂದು ಮುಂದಿನ ಬೆಂಚಿನವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನನ್ನ ಮೇಲೆ ಅವನಿಗೊಂದು ವಿಚಿತ್ರ ನಂಬಿಕೆ ಇತ್ತು. ಒಮ್ಮೆ ನಾನು ಕೂಡಿಸುವಾಗ ತಪ್ಪಿ ಅವನಿಗೆ ಹೆಚ್ಚು ನಂಬರು ಕೊಟ್ಟಿದ್ದೆ. ಮರುದಿನ ಕ್ಲಾಸಿನ ಎದುರಿಗೇ ನನ್ನ ತಪ್ಪು ಒಪ್ಪಿಕೊಂಡು ಕಡಿಮೆ ಮಾಡಿದೆ. ಬೇರೆಯವನಾಗಿದ್ದರೆ ಮುಖ ಊದಿಸಿಕೊಳ್ಳುತ್ತಿದ್ದ. ಇವನು ಅವತ್ತಿನಿಂದ, ಇಂಗ್ಲಿಷ್ ಮೇಷ್ಟ್ರು ಸುಳ್ಳು ಹೇಳುವುದಿಲ್ಲ ಎಂದು ತೀರ್ಮಾನಿಸಿಬಿಟ್ಟ.

ಡ್ರಿಲ್ಲಿನಲ್ಲಿ ಅವನು ಶುದ್ಧ ದಂಡ. ಎಡ ಎಂದರೆ ಬಲ. ಆದರೆ ಫುಟ್‌ಬಾಲಿಗೆ ಬಿಟ್ಟ ಮೊದಲ ಸಾಯಂಕಾಲ ಮೇಷ್ಟ್ರು ಕಿಟಕಿಯಿಂದ ನನ್ನನ್ನು ಕರೆದು ತೋರಿಸಿದರು. ಎಲ್ಲ ಹುಡುಗರೂ ಚೆಂಡಿನ ಹಿಂದೆ ಧೂಳೆಬ್ಬಿಸಿಕೊಂಡು ಓಡುತ್ತಿದ್ದರೆ ಇವನೊಬ್ಬ ದೂರದಲ್ಲಿ ನಿಧಾನವಾಗಿ ನಡೆಯುತ್ತಿದ್ದ. ಸೋಮಾರಿ ಇರಬೇಕು ಎಂದೆ. ಅಷ್ಟರಲ್ಲಿ ಚೆಂಡು ಆ ಗುಂಪಿನಿಂದ ಚಿಮ್ಮಿ, ನೇರವಾಗಿ ಇವನ ಕಾಲ ಬಳಿಗೆ ಬಂದು ಬಿತ್ತು. ಒಂದು ಸಲವಲ್ಲ, ಹತ್ತು ಸಲ. ಕುರಿ ಮಂದೆ ಯಾವ ಕಡೆ ಒಡೆಯುತ್ತದೆ ಎಂದು ಮೊದಲೇ ತಿಳಿದು ಅಲ್ಲಿ ಹೋಗಿ ನಿಂತು ಬೆಳೆದವನು ಅವನು.

"ಓಡಾಕಿಲ್ಲ ಅವ್ನು. ಚೆಂಡೇ ಉಡುಕ್ಕೊಂಡ್ ಬತ್ತೈತೆ, ನೋಡಿ," ಎಂದರು ಮೇಷ್ಟ್ರು. ಮೂವತ್ತು ವರ್ಷ ಹುಡುಕಿದ್ದು ಸಿಕ್ಕಿತು ಎಂದು ಆಮೇಲೆ ಒಂದು ದಿನ ತಾವಾಗಿ ಹೇಳಿದರು.

ಅಲ್ಲಿಂದ ಎರಡು ವರ್ಷ ಅವನಿಗೆ ಕಲಿಸಿದರು. ಶಾಲೆಯ ಮೈದಾನದಲ್ಲಲ್ಲ, ಬೆಳಗಿನ ಹೊತ್ತು ಬೆಟ್ಟದ ಹಿಂದಿನ ಬಯಲಿನಲ್ಲಿ, ಯಾರೂ ಇಲ್ಲದ ಕಡೆ. ಶಾಲೆಯಲ್ಲಿ ಮಾತ್ರ ಅವನನ್ನು ಕಂಡರೂ ಕಾಣದಂತೆ ಇದ್ದರು. ಎಲ್ಲರೆದುರು ಬೈಯುತ್ತಿದ್ದರು. ಹುಡುಗ ಅದನ್ನು ಹೇಗೆ ತೆಗೆದುಕೊಳ್ಳುತ್ತಾನೆ ಎಂದು ನಾನೂ ಯೋಚಿಸಲಿಲ್ಲ. ಅವರಂತೂ ಯೋಚಿಸಲಿಲ್ಲ.

ಎರಡನೆಯ ವರ್ಷದ ಪಂದ್ಯ ಬಂತು. ಹಿಂದಿನ ವರ್ಷ ಸೋತದ್ದು ಕೊಡೆಯವನ ಗಿರಣಿ, ಆದ್ದರಿಂದ ಮೊದಲ ಸರದಿ ಅವರದು. ಮೇಷ್ಟ್ರು ಹಿಂದಿನ ದಿನವೆಲ್ಲ ಊಟ ಬಿಟ್ಟು ಯೋಚಿಸಿದರು. ಬೆಳಿಗ್ಗೆ ತಂಡ ಹಾಕುವಾಗ ಜುಂಜಣ್ಣನನ್ನು ಗೋಲಿಗೆ ನಿಲ್ಲಿಸಿದರು. ಗೋಲು ಕಾಯುವ ಗೋಲಿಯ ಕಾಲು ಯಾರಿಗೂ ಕಾಣುವುದಿಲ್ಲ. ಹುಡುಗ ಒಂದು ಗಳಿಗೆ ಅವರ ಮುಖವನ್ನೇ ನೋಡಿದ. ಅವರು ಸೀಟಿ ಒರೆಸಿಕೊಳ್ಳುತ್ತಾ ಆ ಕಡೆ ತಿರುಗಿಕೊಂಡರು.

ಎರಡು ಗೋಲು ಅವನ ಕೈಯಡಿಯಲ್ಲೇ ಹೋದವು. ಕೈ ಬಳಸಿ ಅಭ್ಯಾಸವಿಲ್ಲದವನು ಏನು ಮಾಡಿಯಾನು. ಕುರಿ ಕಾಯೋನ್ಗೆ ಗೋಲ್ ಕಾಯೋದು ಹೆಂಗೆ ಬಂದೀತು ಎಂದು ಬೇಲಿಯ ಪಕ್ಕ ನಿಂತವರು ಕೂಗಿದರು, ಎಲ್ಲರೂ ನಕ್ಕರು. ಎರಡೂ ಗೋಲು ಹೊಡೆದದ್ದು ಪಾವಗಡದ ಒಬ್ಬ ಹುಡುಗ. ಗಾಳಿಯಂತೆ ಓಡುತ್ತಿದ್ದ, ತೆಲುಗಿನಲ್ಲಿ ತನ್ನವರನ್ನೆಲ್ಲ ಗದರಿಸುತ್ತಿದ್ದ. ಮೇಷ್ಟ್ರು ಅವನ ಪಕ್ಕದಲ್ಲೇ ಗೆರೆಯುದ್ದಕ್ಕೂ ಓಡಾಡಿ, ಬಿಡುವಿನಲ್ಲಿ ಅವನಿಗೇ ನೀರು ಕೊಟ್ಟು, ಬೆನ್ನು ತಟ್ಟಿದರು. ಕೊಡೆಯವನು ಅದನ್ನೆಲ್ಲ ನೋಡುತ್ತಿದ್ದ. ಆ ಪಾವಗಡದ ಹುಡುಗನ ಬಲ ಮಂಡಿ ಒಂದು ವರ್ಷಕ್ಕಿಂತ ಹೆಚ್ಚು ಬಾಳುವುದಿಲ್ಲ ಎಂದು ಮೇಷ್ಟ್ರು ನನಗೆ ಮೊದಲೇ ಹೇಳಿದ್ದರು. ಹಾಗೇ ಆಯಿತು, ಪಾಪ. ಅವನ ವಿಷಯದಲ್ಲೂ ನಾವು ಮಾಡಿದ್ದು ಸರಿಯೇ ಎಂದು ಈಗ ಕೇಳಿಕೊಳ್ಳುತ್ತೇನೆ.

ಸಾಯಂಕಾಲ ಟವಲಿನ ಅಡಿಯಲ್ಲಿ ಜುಂಜಣ್ಣನ ಹೆಸರಿಗೆ ಅವರು ನನ್ನ ಒಂದು ಬೆರಳನ್ನು ಎಷ್ಟು ಬಲವಾಗಿ ಅಮುಕಿದರೆಂದರೆ ಉಗುರು ಕೆಂಪಾಯಿತು. ನಾನು ಕಾಗದ ಬರೆದೆ. ಅವನನ್ನು ಬಿಟ್ಟು ಬೇರೆ ಯಾರನ್ನೂ ಕೊಡದಿದ್ದರೂ ಸರಿ ಎಂದು ಬರೆಸಿದರು.

ಪಂದ್ಯ ಮುಗಿದ ಐದನೆಯ ದಿನ, ಶಾಲೆಗೆ ಬರುವ ದಾರಿಯಲ್ಲಿ, ಜುಂಜಣ್ಣ ನನಗಾಗಿ ಕಾದು ನಿಂತಿದ್ದ. ಪುಸ್ತಕ ಇರಲಿಲ್ಲ, ಹೆಗಲ ಮೇಲೆ ಕಂಬಳಿ ಇತ್ತು. ಯುದ್ಧದ ಕಾಲ. ಶಿರಾ ಸಂತೆಗೆ ಸೈನ್ಯಕ್ಕೆ ಆಳು ಸೇರಿಸುವ ಜಮಾದಾರ ಮೇಜು ಹಾಕಿಕೊಂಡು ಕೂರುತ್ತಿದ್ದ. ಆಟದಿಂದ ಹೊಟ್ಟೆ ತುಂಬದಿದ್ದರೆ ಪಲ್ಟನ್ನಿಗೆ ಸೇರು, ಎರಡರಲ್ಲೊಂದು ಈ ಸಂತೆಗೆ ತೀರ್ಮಾನವಾಗಬೇಕು ಎಂದು ಅವನ ಸೋದರಮಾವ ಹಟ ಹಿಡಿದಿದ್ದನಂತೆ. ಅದನ್ನೆಲ್ಲ ಹೇಳಿ ಹುಡುಗ ಕೇಳಿದ:

"ನೀವೇ ಕಾಗ್ದ ಬರೆಯೋದಂತೆ ಸಾ. ನನ್ ಹೆಸ್ರು ಐತಾ? ಐತೆ ಅಂದ್ರೆ ಮಾವುನ್ನ ತಡೀತೀನಿ."

ಅವನ ಹೆಸರು ಮೊದಲ ಸಾಲಿನಲ್ಲೇ ಇತ್ತು. ನಾನೇ ನನ್ನ ಕೈಯಾರೆ ಬರೆದಿದ್ದೆ. ಮೇಷ್ಟ್ರಿಗೆ ಕೊಟ್ಟ ಭಾಷೆ ನೆನಪಾಯಿತು. ಇನ್ನೊಂದು ನಿಜವನ್ನೂ ಹೇಳಬೇಕು. ಭಾಷೆ ಮಾತ್ರವಲ್ಲ, ಗುಟ್ಟು ಇಟ್ಟುಕೊಂಡವನ ಗತ್ತು ಒಂದಿಷ್ಟು ನನಗೂ ಬಂದಿತ್ತು. ಹುಡುಗರು ಹೀಗೆಯೇ ಹೆದರಿಸಿ ಬಾಯಿ ಬಿಡಿಸುತ್ತಾರೆ ಎಂದುಕೊಂಡೆ.

"ನಂಗೇನೂ ಗೊತ್ತಿಲ್ಲ ಕಣಯ್ಯ," ಎಂದೆ. "ಹೋಗು, ಪರೀಕ್ಷೆ ಹತ್ರ ಬಂತು, ಓದ್ಕೋ."

ಅವನು ತಲೆ ಆಡಿಸಿದ. ಬೇಸರವೂ ಕಾಣಲಿಲ್ಲ. ನಂಬರು ಕಡಿಮೆ ಮಾಡಿದ ದಿನ ಹೇಗೆ ತಲೆ ಆಡಿಸಿದ್ದನೋ ಹಾಗೇ. ಕಂಬಳಿ ಸರಿಮಾಡಿಕೊಂಡು ಶಿರಾ ರಸ್ತೆ ಹಿಡಿದ. ಈ ಮಾತನ್ನು ನಾನು ಅವತ್ತು ಸಾಯಂಕಾಲವೇ ಮೇಷ್ಟ್ರಿಗೆ ಹೇಳಬೇಕಾಗಿತ್ತು. ಹೇಳಲಿಲ್ಲ. ಉತ್ತರ ಪತ್ರಿಕೆ ತಿದ್ದುವುದಿತ್ತು, ಮರೆತೆ.

ಬೆಂಗಳೂರಿನ ಕಾಗದ ಬಂದದ್ದು ಸಂತೆ ಕಳೆದ ಎರಡನೆಯ ದಿನ. ಕೊಡೆಯವನ ಗಿರಣಿ ಪಾವಗಡದ ಹುಡುಗನ ಹೆಸರು ಹಿಡಿದಿತ್ತು, ನಮ್ಮದು ಜುಂಜಣ್ಣನದು. ಮೇಷ್ಟ್ರು ಅವತ್ತು ನಕ್ಕ ನಗುವನ್ನು ನಾನು ಮತ್ತೆ ನೋಡಲಿಲ್ಲ. ಕಾಗದ ಹಿಡಿದುಕೊಂಡು ಉಣ್ಣೆ ಗೋದಾಮಿಗೆ ತಾವೇ ಓಡಿದರು. ಹುಡುಗ ಸೈನ್ಯಕ್ಕೆ ಸೇರಿದ್ದನ್ನು ಗೋದಾಮಿನವರು ಹೇಳಿದರಂತೆ. ಮತ್ತೆ ಶಾಲೆಗೆ ಬಂದು ಕಿಟಕಿಯ ಹತ್ತಿರ ನಿಂತುಕೊಂಡರು.

ಅವತ್ತೇ ಇಬ್ಬರೂ ಬಸ್ಸು ಹಿಡಿದು ಶಿರಾಕ್ಕೆ ಹೋದೆವು. ಜಮಾದಾರ ಸಂತೆ ಮುಗಿಸಿ ತುಮಕೂರಿಗೆ ಹೋಗಿದ್ದ. ತುಮಕೂರಿಗೆ ಹೋದೆವು. ಆ ದಾರಿಯಲ್ಲಿ ನಾನು ಮೇಷ್ಟ್ರಿಗೆ ಎಲ್ಲ ಹೇಳಿಬಿಟ್ಟೆ. ಹುಡುಗ ಕೇಳಿದ್ದು, ನಾನು ಗೊತ್ತಿಲ್ಲ ಎಂದದ್ದು, ಮರೆತದ್ದು. ಅವರು ಬಸ್ಸಿನಲ್ಲೂ ನಿಂತೇ ಇದ್ದರು, ಮೇಲಿನ ಕಂಬಿ ಹಿಡಿದುಕೊಂಡು. ನನ್ನ ಕಡೆ ನೋಡದೆ, ನೀವು ಬಾಯಿ ಕಟ್ಟಿಕೊಂಡದ್ದು ನನ್ನ ಮಾತಿಗೆ ತಾನೇ ಎಂದರು. ತುಮಕೂರಿನಲ್ಲಿ ಜಮಾದಾರ ಗಿರಣಿಯ ಕಾಗದವನ್ನು ತಿರುವಿ ನೋಡಿ, ಹುಡುಗ ರುಜು ಹಾಕಿದ್ದಾಯಿತು, ರೈಲೂ ಹೋಯಿತು, ಎರಡು ದಿನ ಮೊದಲು ಬರಬೇಕಿತ್ತು ಎಂದ. ಒಳ್ಳೆಯ ಮನುಷ್ಯನೇ. ಕುಡಿಯಲು ಚಹಾ ಕೊಟ್ಟ.

ಎರಡು ತಿಂಗಳ ಮೇಲೆ ಒಂದು ಕಾರ್ಡು ಬಂತು, ಮೇಷ್ಟ್ರ ಹೆಸರಿಗೆ. ಊಟ ಚೆನ್ನಾಗಿದೆ, ಬೂಟು ಕೊಟ್ಟಿದ್ದಾರೆ, ಕಾಲು ಉರಿಯುತ್ತದೆ ಎಂದೆಲ್ಲ ಬರೆದು, ಕೊನೆಯಲ್ಲಿ ಹೀಗೆ ಬರೆದಿದ್ದ: ಇಲ್ಲಿಯೂ ಫುಟ್‌ಬಾಲ್ ಆಡಿಸುತ್ತಾರೆ. ಎಲ್ಲಿ ಆಡುತ್ತೀಯ ಎಂದು ಕೇಳಿದರು. ಗೋಲಿ ಎಂದು ಹೇಳಿದೆನು. ತಾವು ನೋಡಿ ನಿಲ್ಲಿಸಿದ ಜಾಗವೇ ನನಗೆ ಸರಿಯಾದುದು.

ಮೇಷ್ಟ್ರು ಆ ಕಾರ್ಡನ್ನು ಓದಿ ಮೈದಾನಕ್ಕೆ ಹೋದರು. ಗೋಲಿನ ಕಂಬಗಳ ನಡುವೆ ಹೋಗಿ ನಿಂತರು. ಘಂಟೆ ಹೊಡೆಯಿತು, ಕ್ಲಾಸುಗಳು ಬದಲಾದವು, ಅವರು ಅಲ್ಲೇ ಇದ್ದರು. ಅವತ್ತೇ ಅವನಿಗೆ ತಮ್ಮ ಕೈಯಿಂದಲೇ ಕನ್ನಡದಲ್ಲಿ ಪತ್ರ ಬರೆದರು. ನೀನೇ ಮೊದಲನೆಯವನು, ನಾಲ್ಕು ತಾಲ್ಲೂಕಿಗೆ ನಿನ್ನಂಥವನು ಇನ್ನೊಬ್ಬನಿಲ್ಲ, ಬಚ್ಚಿಡುವುದಕ್ಕಾಗಿ ಗೋಲಿಗೆ ನಿಲ್ಲಿಸಿದೆ ಎಂದು. ಆ ಪತ್ರ ಎಷ್ಟೋ ತಿಂಗಳು ಎಲ್ಲೆಲ್ಲೋ ಸುತ್ತಿ, ಮೈತುಂಬ ಮುದ್ರೆ ಹೊಡೆಸಿಕೊಂಡು, ಒಡೆಯದೆ ವಾಪಸು ಬಂತು. ಅದಕ್ಕೆ ಸ್ವಲ್ಪ ಮೊದಲು ಹಟ್ಟಿಗೆ ಸುದ್ದಿ ಬಂದಿತ್ತು, ಬರ್ಮಾದ ಕಡೆ ಯುದ್ಧದಲ್ಲಿ ತೀರಿಹೋದ ಎಂದು. ಎಲ್ಲಿ, ಹೇಗೆ ಎಂದು ಬರೆದಿರಲಿಲ್ಲ.

ಕ್ರಮ ತಪ್ಪಿಸಿ ಹೇಳುತ್ತಿದ್ದೇನೆ. ತಪ್ಪಿಸಿಕೊಳ್ಳುವವನಿಗೆ ಇದೇ ಕ್ರಮ. ಹಟ್ಟಿಗೆ ಹೋದದ್ದನ್ನು ಬಿಟ್ಟು ಆಮೇಲಿನದನ್ನು ಮೊದಲು ಹೇಳಿಬಿಡುತ್ತೇನೆ.

ಮುಂದಿನ ವರ್ಷದ ಪಂದ್ಯದಲ್ಲಿ ಮೇಷ್ಟ್ರು ಟವಲು ತರಲಿಲ್ಲ. ಆಟ ನಡೆಯುತ್ತಿರುವಾಗಲೇ ಸೀಟಿ ಊದಿ ನಿಲ್ಲಿಸಿ, ಒಬ್ಬೊಬ್ಬ ಹುಡುಗನ ಮುಂದೆ ಹೋಗಿ ನಿಂತು, ಊರೆಲ್ಲ ಕೇಳುವಂತೆ ಹೇಳಿದರು. ನಿನ್ನನ್ನು ಮೊದಲು ಬರೀತೀನಿ. ನಿನ್ನನ್ನು ಎರಡನೇದು. ನೀನು ಬೇಡ, ನಿನಗೆ ಉಸಿರು ಸಾಲದು, ಬೇರೆ ಕಸುಬು ನೋಡ್ಕೋ. ಬೇಡ ಎನಿಸಿಕೊಂಡ ಹುಡುಗ ಅತ್ತರೆ, ಅವನು ಅತ್ತು ಮುಗಿಸುವವರೆಗೆ ಅವನ ಎದುರಿಗೇ ನಿಂತಿರುತ್ತಿದ್ದರು. ಕೊಡೆಯವನಿಗೆ ಸುಗ್ಗಿ. ಅವನು ಬರೀ ಮೇಷ್ಟ್ರ ಮಾತು ಕೇಳಿ ಬರೆದುಕೊಂಡು ಹೋದ. ಎರಡು ವರ್ಷ ಹೀಗಾದ ಮೇಲೆ ನಮ್ಮ ಗಿರಣಿಯವರು, ಇನ್ನು ಮುಂದೆ ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ ಎಂದು ಬರೆದರು. ಆ ಕಾಗದವನ್ನು ಓದಿ ಹೇಳಿದವನೂ ನಾನೇ. ಅವರು ತಲೆ ಆಡಿಸಿ ಡ್ರಿಲ್ ಮಾಡಿಸಲು ಹೋದರು. ಮೂವತ್ತು ವರ್ಷದ ಹೆಸರು ಮೂರು ಸಾಲಿನಲ್ಲಿ ಹೋಯಿತು. ಆಮೇಲೆ ಅವರು ಇಳಿದರು. ಮೊದಲು ದನಿ, ಆಮೇಲೆ ಮೈ. ಕೊನೆಗೆ ಲಕ್ವ ಹೊಡೆದು ಬಲಗೈ, ಮಾತು ಎರಡೂ ನಿಂತವು.

ಈಗ ಹಟ್ಟಿ.

ಸುದ್ದಿ ಬಂದು ಒಂದು ವಾರಕ್ಕೆ ಇಬ್ಬರೂ ಹೋದೆವು. ಬರಬೇಕಾಗಿಲ್ಲ ಎಂದು ಅವರು ನನಗೆ ಹೇಳಿದರು, ನಾನೇ ಹೋದೆ. ಗೌಡಗೆರೆಯಿಂದ ಕಾಲುದಾರಿ, ಎರಡೂ ಕಡೆ ಕಡಲೆಕಾಯಿ ಹೊಲ. ಹಟ್ಟಿಯ ಮುಳ್ಳುಬೇಲಿಯ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋದೆವು. ತಾಯಿ ಗಟ್ಟಿ ಹೆಂಗಸು, ಅತ್ತು ಮುಗಿದಿತ್ತು. ಗುಡಿಸಲ ಮುಂದೆ ಕರೀ ಕಂಬಳಿ ಹಾಸಿ, ಕೂತ್ಕೊಳ್ಳಿ ಸಾಮಿ ಎಂದಳು. ಮೇಷ್ಟ್ರು ಕೂತರು. ನಾನು ಅವರು ಕೂತದ್ದನ್ನು ನೋಡಿದ ಮೊದಲ ಸಲ ಅದು. ಕಾಲು ಮಡಚಲು ಬಾರದೆ ಒಂದು ಕೈ ನೆಲಕ್ಕೆ ಊರಿ ಕುಸಿದರು. ನನಗೆ ಕೂರಲು ಆಗಲಿಲ್ಲ, ನಿಂತಿದ್ದೆ.

ಅವರು ಒಂದೂ ಮುಚ್ಚಿಡದೆ ಆಕೆಗೆ ಎಲ್ಲ ಹೇಳಿದರು. ನಿನ್ನ ಮಗನಂಥ ಆಟಗಾರ ಮತ್ತೊಬ್ಬನಿರಲಿಲ್ಲ, ಅವನ ಹೆಸರು ಮೊದಲು ಬರೆದಿದ್ದೆ, ಗಿರಣಿಯವರು ಒಪ್ಪಿ ಕಾಗದ ಕಳಿಸಿದ್ದರು, ಎರಡು ದಿನ ತಡವಾಯಿತು ಎಂದು. ಆಕೆ ಕೇಳಿಸಿಕೊಂಡಳು.

"ಅವನ್ಗೆ ಯೋಳಿದ್ರಾ ಸಾಮಿ?"

"ಇಲ್ಲ ಕಣಮ್ಮ."

"ಯಾಕೆ?"

ಮೇಷ್ಟ್ರು ನೆಲಕ್ಕೆ ಊರಿದ್ದ ಕೈಯ ಮಣ್ಣು ಒರೆಸಿಕೊಂಡರು. ಆಮೇಲೆ ಹೇಳಿದರು:

"ಎತ್ತು ಅಂದ್ಕೊಂಬುಟ್ಟೆ ಕಣಮ್ಮ. ಎತ್ತಿಗಾದ್ರೆ ಹೀಗಳೆದ್ರೂ ಕೇಳ್ಸಾಕಿಲ್ಲ. ಹುಡುಗ ಕೇಳಿಸ್ಕೊತಾನೆ ಅನ್ನೋದು ನನ್ ತಲೆಗೆ ಬರ್ಲಿಲ್ಲ."

ಆಕೆ ಬೈಯಲಿಲ್ಲ. ಕಂಬಳಿಯ ಅಂಚಿನ ಒಂದು ಎಳೆ ಎಳೆಯುತ್ತಾ ಕೂತಿದ್ದಳು. ಆಮೇಲೆ ತನ್ನಷ್ಟಕ್ಕೆ ಹೇಳುವಂತೆ ಹೇಳತೊಡಗಿದಳು. ಸಂತೆಗೆ ಹೊರಡುವ ದಿನವೂ ಅವನಿಗೆ ಆಸೆ ಇತ್ತಂತೆ. ಮಾವನ ಹತ್ತಿರ ಇನ್ನೊಂದು ವಾರ ಕೇಳೋಣ ಎಂದು ಆಕೆಯೇ ಅಂದಳಂತೆ. ಅದಕ್ಕೆ ಅವನು ಬೇಡ ಎಂದನಂತೆ.

"ಮದ್ದಗಿರೀಲಿ ಇಂಗ್ಲೀಸ್ ಮೇಷ್ಟ್ರನ್ನ ಕೇಳ್ದೆ ಕಣವ್ವ, ಅವ್ರು ಸುಳ್ಳು ಯೋಳಾಕಿಲ್ಲ, ಅವರ್ಗೇ ಗೊತ್ತಿಲ್ಲ ಅಂದ್ಮೇಲೆ ನನ್ ಹೆಸ್ರು ಇಲ್ಲ ಅಂದ. ಅಂದ್ಬುಟ್ಟು ಹೊಂಟ."

ಹೇಳಿ, ಆಕೆ ತಲೆ ಎತ್ತಿ ನನ್ನನ್ನು ನೋಡಿದಳು. ಆ ಮೇಷ್ಟ್ರು ನೀವೇ ಏನು ಎಂದು ಕೇಳಿದಳು. ಹೌದೆಂದೆ.

"ನಿಮ್ಗೂ ಗೊತ್ತಿರ್ಲಿಲ್ಲ, ಅಲ್ವಾ ಸಾಮಿ?"

ನಾನು ಬಾಯಿ ತೆರೆದೆ. ಏನು ಹೇಳಲು ತೆರೆದೆನೋ ದೇವರಿಗೇ ಗೊತ್ತು. ಅಷ್ಟರಲ್ಲಿ ಮೇಷ್ಟ್ರು ಕೂತಲ್ಲಿಂದಲೇ ಹೇಳಿದರು:

"ಅವರ್ಗೆ ಗೊತ್ತಿರ್ಲಿಲ್ಲ ಕಣಮ್ಮ. ನಂಗೊಬ್ಬನ್ಗೇ ಗೊತ್ತಿದ್ದಿದ್ದು."

ನಾನು ತಲೆ ಆಡಿಸಿದೆ. ಹೌದು, ಆಡಿಸಿದೆ. ಆಕೆ ನಮಗಿಬ್ಬರಿಗೂ ಹಾಲು ಕೊಟ್ಟಳು. ಕುಡಿದೆ.

ಹಿಂತಿರುಗುವ ದಾರಿಯಲ್ಲಿ ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. ಆ ಹಟ್ಟಿಯ ಹುಡುಗರು ಮುಂದೆಯೂ ನಿಮ್ಮ ಕ್ಲಾಸಿಗೇ ಬರಬೇಕು, ನಿಮ್ಮ ಮಾತು ನಂಬಬೇಕು ಎಂದರು. ಮತ್ತೆ ಆ ವಿಷಯ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹಟ್ಟಿಯಿಂದ ಇಬ್ಬರು ಹುಡುಗರು ಈಗ ನನ್ನ ಕ್ಲಾಸಿನಲ್ಲಿದ್ದಾರೆ. ನಾನು ಹೇಳಿದ್ದನ್ನೆಲ್ಲ ನಂಬುತ್ತಾರೆ. ಅವರು ನಂಬಿದಾಗಲೆಲ್ಲ ನಾನು ಬೋರ್ಡಿನ ಕಡೆ ತಿರುಗಿಕೊಳ್ಳುತ್ತೇನೆ.

ಅವರು ಹೋಗುವ ಎರಡು ದಿನ ಮೊದಲು ನೋಡಲು ಹೋಗಿದ್ದೆ. ಮಾತಿರಲಿಲ್ಲ. ಕಣ್ಣು ನನ್ನ ಎಡಗಾಲ ಮೇಲೆ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಎಡಗೈಯಿಂದ ನನ್ನ ಕೈಯನ್ನು ಹೊದಿಕೆಯ ಅಡಿಗೆ ಎಳೆದುಕೊಂಡು, ತಡಕಾಡಿ, ಒಂದು ಬೆರಳು ಹಿಡಿದರು. ಒಂದೇ. ನಾನು ಹೊರಡುವವರೆಗೂ ಬಿಡಲಿಲ್ಲ.

ಅವರು ಹೋಗಿ ಇಪ್ಪತ್ತು ದಿನ ಆಯಿತು. ನನಗೆ ಗೊತ್ತಿತ್ತು ಎಂಬುದು ಗೊತ್ತಿರುವವನು ಈಗ ನಾನೊಬ್ಬನೇ. ಆ ತಾಯಿ ಇನ್ನೂ ಇದ್ದಾಳೆ, ಗಟ್ಟಿಯಾಗೇ ಇದ್ದಾಳೆ ಎಂದು ಹುಡುಗರು ಹೇಳುತ್ತಾರೆ. ಹಟ್ಟಿಯ ಕಡೆಗೆ, ಮಧುಗಿರಿಯಿಂದ ಶಿರಾಕ್ಕೆ, ದಿನಕ್ಕೆ ಎರಡು ಬಸ್ಸು. ಬೆಳಗಿನದು ನಮ್ಮ ಮನೆಯ ಮುಂದೆಯೇ ಹೋಗುತ್ತದೆ, ಕೈ ಅಡ್ಡ ಹಿಡಿದರೆ ನಿಲ್ಲಿಸುತ್ತಾರೆ. ದಿನಾ ಬಾಗಿಲಿಗೆ ಬಂದು ನಿಲ್ಲುತ್ತೇನೆ. ಇನ್ನೂ ಕೈ ಎತ್ತಿಲ್ಲ.